ನೆಲಗಟ್ಟಿನಲ್ಲಿ ಬಂಧವೂ ಬಿಡುಹಾಸೂ

ಸಂಸ್ಕೃತದಲ್ಲಿ ಹಾಸುಗಲ್ಲಿನ ನೆಲಕ್ಕೆ ಕುಟ್ಟಿಮವೆಂದು ಹೆಸರು. ಈ ಶಬ್ದವು ಕುಟ್ಟುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದುದು. ಅಮರಸಿಂಹನು ತನ್ನ ಕೋಶದಲ್ಲಿ ಇದಕ್ಕೆ ಕಟ್ಟಲ್ಪಟ್ಟ ಭೂಮಿಯೆಂಬ ಅರ್ಥವನ್ನು ಕೊಟ್ಟಿರುವನು. ಲ್ಯಾಟಿನ್ ಭಾಷೆಯ ಪಾವಿಮೆಂಟುಮ್ ಎಂಬ ಪದವೂ ಹೀಗೆಯೇ, ಹೊಡೆದು ಗಟ್ಟಿಮಾಡುವುದೆಂಬ ಅರ್ಥದ ಪಾವೀರೆ ಎಂಬ ಕ್ರಿಯಾಪದದಿಂದ ಬಂದಿದೆ. ಕನ್ನಡದ ನೆಲಗಟ್ಟು ಎಂಬ ಮಾತಿನಲ್ಲಿಯಾದರೋ ಕಟ್ಟು ಎಂಬುದೇ ಗಕಾರಾದೇಶವನ್ನು ಹೊಂದಿ ಕುಳಿತಿದೆ. ಒಳ್ಳೆಯ ನೆಲವೆಂದರೆ ಚೆನ್ನಾಗಿ ಕುಟ್ಟಿದ ನೆಲ, ಬಿಗಿಯಾಗಿ ಕಟ್ಟಿದ ನೆಲ ಎಂಬ ಅಭಿಪ್ರಾಯವು ಈ ಮೂರು ಭಾಷೆಗಳಲ್ಲಿಯೂ ಬೇರೂರಿರುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ಅಭಿಪ್ರಾಯಕ್ಕೆ ನೇರವಾಗಿ ವಿರುದ್ಧವೆಂಬಂತೆ ತೋರುವ ಒಂದು ಸಾಧನವು ೧೯೮೭ರಲ್ಲಿ ಜರ್ಮನಿ ದೇಶದಲ್ಲಿ ಬಳಕೆಗೆ ಬಂದಿತು. ಅದು ಕಲ್ಲಿನ ಅಥವಾ ಸುಟ್ಟ ಬಿಲ್ಲೆಯ ನೆಲಕ್ಕೂ ಅದರ ತಳಕ್ಕೂ ನಡುವೆ ಹಾಸತಕ್ಕ ತೆಳುವಾದೊಂದು ಹಾಳೆ. ಅದರ ಕೆಲಸ ಕಟ್ಟುವುದಲ್ಲ, ಕಟ್ಟನ್ನು ಒಂದು ದಿಕ್ಕಿನಲ್ಲಿ ಮಾತ್ರ ಸಡಿಲಿಸುವುದು. ಇದಕ್ಕೆ ಈ ಲೇಖನದಲ್ಲಿ ಬಿಡುಹಾಸು ಎಂಬ ಹೆಸರನ್ನು ಬಳಸಿದೆ. ಹೆಸರಿನ ಔಚಿತ್ಯವನ್ನು ಮುಂದೆ ವಿಚಾರಿಸಲಾಗುವುದು.

ಮೊದಲು ನೆಲವು ಏಕೆ ಒಡೆಯುತ್ತದೆಂಬುದನ್ನು ತಿಳಿಯಬೇಕು. ಬಿಲ್ಲೆ ಒಡೆದರೆ ಬಿಲ್ಲೆಯೇ ಕಳಪೆಯೆಂದೂ, ಎದ್ದರೆ ಗಾರೆಯಲ್ಲಿ ಸಿಮೆಂಟು ಸಾಲದಾಯಿತೆಂದೂ ಹೇಳುವುದು ವಾಡಿಕೆ. ಇವು ಕೆಲವೆಡೆ ನಿಜವಾಗಿರಬಹುದಾದರೂ ಒಳ್ಳೆಯ ಬಿಲ್ಲೆಯೂ ಒಳ್ಳೆಯ ಗಾರೆಯೂ ಇದ್ದ ಕಡೆ ನೆಲವು ಕೆಡುವುದಕ್ಕೆ ಈ ಕಾರಣಗಳು ಹೊಂದುವುದಿಲ್ಲ. ನಿಜವಾದ ಕಾರಣವು ಪದಾರ್ಥಗಳ ಸ್ವಭಾವಭೇದದಲ್ಲಿದೆ. ಕಾಂಕ್ರೀಟು ಹಾಕಿದ ಬಳಿಕ ಅದರೊಳಗಿನ ನೀರು ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ, ಆರುತ್ತ ಹೋಗುವುದು. ಆರಿದಂತೆಲ್ಲ ಅದು ಕುಗ್ಗುವುದು. ಸಾಮಾನ್ಯವಾಗಿ ಈ ಕುಗ್ಗುವಿಕೆ ಮೀಟರಿಗೆ ಅರ್ಧ ಮಿಲ್ಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಆವಿಗೆಯಲ್ಲಿ ಬೆಂದು ಬಂದ ಬಿಲ್ಲೆಯು ಹಾಗೆ ಕುಗ್ಗುವುದಿಲ್ಲ. ಅಷ್ಟೇ ಅಲ್ಲ, ರಂಧ್ರಯುಕ್ತವಾದ ಬಿಲ್ಲೆಗಳು ಗಾಳಿಯ ತೇವವನ್ನು ಹೀರಿ ಕಾಲಕ್ರಮದಲ್ಲಿ ಎಳ್ಳಷ್ಟು ಹಿಗ್ಗುವುದೂ ಉಂಟು. ತಳವು ಕುಗ್ಗಬೇಕು, ಮೇಲಣ ಹೊದಿಕೆಯು ಕುಗ್ಗಲೊಲ್ಲದು. ಇವೆರಡನ್ನೂ ಗಾರೆಯು ಒಂದಕ್ಕೊಂದು ಬಿಗಿದು ಕಟ್ಟಿದೆ. ಆಗ ಬಿಲ್ಲೆಗಳ ಸಾಲೆಲ್ಲವೂ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಒತ್ತಡದಲ್ಲಿ ನಿಲ್ಲುವುದು.

ಈ ಒತ್ತಡದ ಫಲವು ಎಷ್ಟೆಂಬುದನ್ನು ಒಂದು ಲೆಕ್ಕದಿಂದ ಕಾಣಬಹುದು. ಆರು ಮೀಟರು ಉದ್ದದ ಕೋಣೆಯಲ್ಲಿ ತಳವು ಒಟ್ಟು ಮೂರು ಮಿಲ್ಲಿಮೀಟರು ಕುಗ್ಗಿತೆಂದೂ, ಬಿಲ್ಲೆಗಳು ತಳದಿಂದ ಬಿಟ್ಟುಕೊಂಡು ಆ ಹೆಚ್ಚಳವೆಲ್ಲ ಒಂದೇ ಸಂದಿನಲ್ಲಿ ಬಂದು ಕೂಡಿತೆಂದೂ ಇಟ್ಟುಕೊಳ್ಳೋಣ. ಅರುವತ್ತು ಸೆಂಟಿಮೀಟರು ಉದ್ದದ ಎರಡು ಬಿಲ್ಲೆಗಳು ತಲೆಗೆ ತಲೆ ಕೊಟ್ಟು ಗುಡಾರದಂತೆ ಏಳುವುವು. ಒಂದೊಂದು ಬಿಲ್ಲೆಯೂ ತನ್ನ ನೆರಳಿಗಿಂತ ಒಂದೂವರೆ ಮಿಲ್ಲಿಮೀಟರು ಉದ್ದವಾದ ಕರ್ಣವಾಯಿತು. ಬೋಧಾಯನನ ಶುಲ್ಬಸೂತ್ರದ ಕಾಲದಿಂದಲೂ ತಿಳಿದಿರುವ ಕರ್ಣದ ನ್ಯಾಯದಿಂದ ಲೆಕ್ಕ ಹಾಕಿದರೆ ಆ ಗುಡಾರದ ಎತ್ತರವು ಸುಮಾರು ೪೨ ಮಿಲ್ಲಿಮೀಟರು ಬರುವುದು. ಮೂರು ಮಿಲ್ಲಿಮೀಟರೆಂದರೆ ಕಣ್ಣು ಲೆಕ್ಕಕ್ಕಿಡದ ಅಳತೆ. ೪೨ ಮಿಲ್ಲಿಮೀಟರೆಂದರೆ ನಡೆಯುವವರು ಎಡವಿ ಬೀಳುವ ಎತ್ತರ. ಕೆಲವು ಮನೆಗಳಲ್ಲಿ ನಡುರಾತ್ರಿ ಸಿಡಿಮದ್ದಿನಂತೆ ಸದ್ದಾಗಿ ನೆಲವು ಏಳುವುದರ ರಹಸ್ಯವಿಷ್ಟೆ. ಅದರಲ್ಲಿ ಪಿಶಾಚದ ಕೈವಾಡವಿಲ್ಲ.

ಕುಗ್ಗುವುದೊಂದೇ ಅಲ್ಲ, ಬಿಸಿಲು ಬೆಂಕಿಗಳಿಂದ ಹಿಗ್ಗುವುದೂ ಉಂಟು. ಒಂದು ಡಿಗ್ರಿ ಶಾಖಕ್ಕೆ ಕಾಂಕ್ರೀಟು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹತ್ತು ಭಾಗದಷ್ಟು ಹಿಗ್ಗಿದರೆ ಸುಟ್ಟ ಬಿಲ್ಲೆಯು ಆರೇಳು ಭಾಗದಷ್ಟು ಹಿಗ್ಗುವುದು. ಚಳಿದೇಶಗಳಲ್ಲಿ ನೆಲದೊಳಗೆ ಬಿಸಿನೀರಿನ ಕೊಳವೆಗಳನ್ನು ಹೂಳುವರು. ಅಂಥ ಐದು ಮೀಟರಿನ ನೆಲವು ಇಪ್ಪತ್ತು ಡಿಗ್ರಿ ಬಿಸಿಯಾದರೆ ತಳವು ಒಂದು ಮಿಲ್ಲಿಮೀಟರು, ಬಿಲ್ಲೆಯ ಸಾಲು ಅದರ ಮೂರರಲ್ಲಿ ಎರಡು ಪಾಲಿನ ಆಸುಪಾಸು ಬೆಳೆಯುವುವು. ವ್ಯತ್ಯಾಸವು ಅಲ್ಪವಾದರೂ ದಿನದಿನವೂ ಹೋಗಿ ಬರುವಂಥದು. ಇನ್ನು ಮರದ ಹಲಗೆಯ ತಳವಾದರೆ ನಾರಿಗೆ ಅಡ್ಡವಾದ ದಿಕ್ಕಿನಲ್ಲಿ ಅದು ಋತುವಿನಿಂದ ಋತುವಿಗೆ ಮೀಟರಿಗೆ ಹಲವು ಮಿಲ್ಲಿಮೀಟರು ಉಬ್ಬಿ ಸೊರಗುವುದು. ಸುಟ್ಟ ಮಣ್ಣಿಗೂ ಕಲ್ಲಿಗೂ ಒತ್ತಡವನ್ನು ತಾಳುವ ಶಕ್ತಿ ಬಹಳ, ಎಳೆತವನ್ನು ತಾಳುವ ಶಕ್ತಿ ಬಹು ಕಡಮೆ. ಆದುದರಿಂದ ತಳದಲ್ಲಿ ಒಂದು ಬಿರುಕು ಬಾಯಿಬಿಟ್ಟರೆ ಅದರ ಮೇಲೆ ಬಿಗಿಯಾಗಿ ಅಂಟಿರುವ ಅಮೃತಶಿಲೆಯ ಹಲಗೆಯೂ ಅದೇ ಗೆರೆಯಲ್ಲಿ ಸೀಳುವುದು. ಅಂಟು ಎಷ್ಟು ಬಲವಾದರೆ ಸೀಳು ಅಷ್ಟು ನಿಶ್ಚಿತ. ಗಾರೆಗೆ ಇನ್ನಷ್ಟು ಸಿಮೆಂಟು ಸೇರಿಸಿದರೆ ನೆಲ ಉಳಿಯುವುದೆಂದು ನಂಬುವವರು ಗಮನಿಸತಕ್ಕ ಅಂಶವಿದು.

ಈ ತೊಡಕು ಇಂದಿನದಲ್ಲ. ಕ್ರಿ. ಪೂ. ಒಂದನೆಯ ಶತಮಾನದಲ್ಲಿದ್ದ ರೋಮನ್ ಶಿಲ್ಪಶಾಸ್ತ್ರಕಾರನಾದ ವಿಟ್ರೂವಿಯಸನು ತನ್ನ ಹತ್ತು ಪುಸ್ತಕಗಳ ಗ್ರಂಥದಲ್ಲಿ ಏಳನೆಯ ಪುಸ್ತಕದ ಮೊದಲನೆಯ ಅಧ್ಯಾಯವನ್ನು ನೆಲಗಟ್ಟಿಗೇ ಮೀಸಲಾಗಿಟ್ಟಿರುವನು. ಮಹಡಿಯ ಮೇಲಣ ನೆಲದ ವಿಷಯದಲ್ಲಿ ಅವನು ಕೊಡುವ ಮೊದಲನೆಯ ಎಚ್ಚರಿಕೆಯು ಆಶ್ಚರ್ಯಕರವಾದುದು. ಕೆಳಗಣ ಅಂತಸ್ತಿನ ಅಡ್ಡಗೋಡೆಯು ಮೇಲಕ್ಕೆ ಮುಂದುವರಿಯದೆ ಮಹಡಿಯ ಕೆಳಗೇ ನಿಲ್ಲುವಂಥದಾದರೆ, ಅದು ಮಹಡಿಯ ಮರಕ್ಕೆ ತಾಕುವಷ್ಟು ಎತ್ತರವಾಗಿರಕೂಡದೆಂದು ಅವನ ಮತ. ತೊಲೆಗಳು ಆರಿ ಸೊರಗಿ ಬಾಗುವಾಗ ಗೋಡೆಯು ಬಾಗದೆ ನಿಲ್ಲುವುದು. ಆಗ ಗೋಡೆಯ ಎಡಬಲಗಳಲ್ಲಿ ನೆಲವು ಬಿರಿಯುವುದೆಂದು ಕಾರಣವನ್ನೂ ಹೇಳಿರುವನು. ಚಲಿಸುವುದನ್ನೂ ಚಲಿಸದುದನ್ನೂ ಒಂದೇ ಹೊದಿಕೆಯ ಕೆಳಗೆ ಸೇರಿಸಿದರೆ ಹೊದಿಕೆಯು ಹರಿಯುವುದೆಂಬ ತತ್ತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಬೇರೆಬೇರೆ ಜಾತಿಯ ಓಕ್ ಮರದ ಹಲಗೆಗಳನ್ನು ಬೆರಸಬೇಡಿರೆಂದೂ, ಅವುಗಳಲ್ಲೊಂದು ತೇವ ತಾಕಿದೊಡನೆ ಸೊಟ್ಟಗಾಗಿ ನೆಲವನ್ನು ಬಿರಿಸುವುದೆಂದೂ, ಹಲಗೆಯ ಅಂಚುಗಳು ಮೇಲೇಳದಂತೆ ತೊಲೆ ತೊಲೆಗೂ ಎರಡೆರಡು ಮೊಳೆಗಳನ್ನು ಹೊಡೆಯಬೇಕೆಂದೂ ಅವನು ವಿಧಿಸುವನು.

ಅನಂತರದ ವಿಧಾನವು ವಿಸ್ತಾರವಾಗಿದೆ. ಹಲಗೆಯ ಮೇಲೆ ಜರಿಗಿಡವನ್ನು, ಅದು ದೊರೆಯದಿದ್ದರೆ ಹುಲ್ಲನ್ನು ಹರಡಬೇಕು. ಅದರ ಮೇಲೆ ಅಂಗೈ ತುಂಬುವುದಕ್ಕೆ ಕಡಮೆಯಿಲ್ಲದ ಕಲ್ಲುಗಳನ್ನು ಹಾಸಬೇಕು. ಅದರ ಮೇಲೆ ಮೂರು ಪಾಲು ಜಲ್ಲಿಗೆ ಒಂದು ಪಾಲು ಸುಣ್ಣದಂತೆ ಬೆರಸಿದ ಕಾಂಕ್ರೀಟನ್ನು ಹಾಕಿ, ಹತ್ತು ಹತ್ತು ಆಳುಗಳ ತಂಡಗಳನ್ನು ನಿಲ್ಲಿಸಿ ಮರದ ಕೊಡತಿಗಳಿಂದ ಕುಟ್ಟಿಸಬೇಕು. ಕುಟ್ಟಿ ಮುಗಿದಾಗ ಆ ಪದರವು ಮುಕ್ಕಾಲು ಅಡಿಗಿಂತ ಕಡಮೆಯಿರಬಾರದು. ಅದರ ಮೇಲೆ ಮೂರಕ್ಕೊಂದರಂತೆ ಹಂಚಿನ ಪುಡಿ, ಸುಣ್ಣಗಳ ಪದರ. ಇದು ಆರು ಅಂಗುಲಿಗಿಂತ ತೆಳುವಾಗಿರಬಾರದು. ಆ ಮೇಲೆ ಬಿಲ್ಲೆ. ನಮ್ಮ ನಾಡಿನ ಸುರ್ಕಿಯ ಗಾರೆಯನ್ನು ಬಲ್ಲವರಿಗೆ ಈ ಪದರದ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಬಯಲಿನಲ್ಲಿರುವ ನೆಲಕ್ಕಾದರೆ ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಎರಡು ಸಾಲು ಹಾಕಬೇಕೆಂದೂ, ಎರಡಡಿಯ ಹಂಚುಗಳ ಅಂಚಿನಲ್ಲಿ ಬೆರಳಗಲದ ಕಾಲುವೆಗಳನ್ನು ಬಿಟ್ಟು ಅವುಗಳಿಗೆ ಎಣ್ಣೆಯಲ್ಲಿ ನಾದಿದ ಸುಣ್ಣವನ್ನು ತುಂಬಬೇಕೆಂದೂ ಹೇಳಿರುವನು. ನೀರು ಮರಕ್ಕೆ ಇಳಿಯದಿರಲೆಂಬುದು ಇದರ ಉದ್ದೇಶ.

ಇಲ್ಲಿ ಒಂದು ವಿಷಯವು ವಿಚಾರಣೀಯವಾಗಿದೆ. ಹಲಗೆಗೂ ಗಾರೆಗೂ ನಡುವೆ ಹರಡಿದ ಆ ಜರಿಗಿಡದ ಹಾಸನ್ನು ಕಂಡು, ಇದೇ ಇಂದಿನ ಬಿಡುಹಾಸಿನ ಮೂಲವೆಂದು ಹೇಳುವ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಪ್ರಾಚೀನರಿಗೆ ತಿಳಿಯದುದಿಲ್ಲವೆಂದು ತೋರಿಸುವ ಉತ್ಸಾಹವು ನಮ್ಮ ದೇಶದಲ್ಲಿ ಮಾತ್ರ ಇರುವಂಥದಲ್ಲ. ಆದರೆ ವಿಟ್ರೂವಿಯಸನು ತಾನೇ ಕೊಡುವ ಕಾರಣವು ಬೇರೆ. ಸುಣ್ಣದ ಕ್ಷಾರದಿಂದ ಮರಕ್ಕೆ ಹಾನಿಯಾಗದಿರಲೆಂದು ಆ ಹಾಸು, ಅಷ್ಟೆ. ಗ್ರಂಥಕಾರನು ಹೇಳಿದ ಪ್ರಯೋಜನವೊಂದು, ವಸ್ತುವಿನಿಂದ ಒದಗಿರಬಹುದಾದ ಪ್ರಯೋಜನ ಮತ್ತೊಂದು. ಒಣಗಿದ ಜರಿಯ ಮೆತ್ತೆಯ ಮೇಲೆ ಕುಳಿತ ಗಾರೆಯು ಹಲಗೆಗೆ ಅಂಟಿಕೊಳ್ಳಲಾರದೆ, ಹಲಗೆಯು ಕೆಳಗೆ ತನ್ನಷ್ಟಕ್ಕೆ ಸ್ವಲ್ಪ ಜರುಗಿರಬಹುದೆಂಬುದು ಸಂಭಾವ್ಯವೇ ಸರಿ. ಹಾಗೆಂದು ಅದನ್ನು ವಿಟ್ರೂವಿಯಸನ ಅಭಿಪ್ರಾಯವೆಂದು ಹೇಳಿದರೆ ಅದು ವ್ಯಾಖ್ಯಾನವಾಗದೆ ಆರೋಪವಾಗುವುದು. ಅವನಲ್ಲಿ ನಿಜವಾಗಿ ಇರುವ ಚಲನವಿಚಾರವು ಗೋಡೆಯ ಮಾತಿನಲ್ಲಿದೆ, ಜರಿಯ ಮಾತಿನಲ್ಲಿಲ್ಲ.

ರೋಮನರ ಆ ದಪ್ಪನೆಯ ಪದರಗಳೇ ಬಹುಮಟ್ಟಿಗೆ ರಕ್ಷಣೆಯಾಗಿದ್ದುವು. ಆಚೆಗೂ ಬಹುಕಾಲದವರೆಗೆ ಬಿಲ್ಲೆಯನ್ನು ದಪ್ಪ ಗಾರೆಯ ಮೆತ್ತೆಯಲ್ಲಿ ಕೂರಿಸುವುದೇ ರೂಢಿಯಾಗಿತ್ತು. ಅಮೆರಿಕದ ಮರದ ಮನೆಗಳಲ್ಲಿ ಹಲಗೆಯ ಮೇಲೆ ಟಾರು ಬಳಿದ ಕಾಗದವನ್ನು ಹಾಸಿ, ಅದರ ಮೇಲೆ ತಂತಿಬಲೆಯನ್ನಿಟ್ಟು, ಒಂದೂಕಾಲರಿಂದ ಎರಡು ಅಂಗುಲದ ಗಾರೆಯನ್ನು ಹಾಕುತ್ತಿದ್ದರು. ಕಾಗದವು ಗಾರೆಯನ್ನು ಮರದಿಂದ ಪೂರ್ತಿಯಾಗಿ ಬೇರ್ಪಡಿಸುತ್ತಿತ್ತು. ಗಾರೆಯು ತನ್ನ ತೂಕದಿಂದಲೂ ತಂತಿಯ ಬಲದಿಂದಲೂ ತಾನೇ ಒಂದು ಹಲಗೆಯಂತೆ ನಿಂತಿರುತ್ತಿತ್ತು. ಕೆಲಸವು ಬಾಳುತ್ತಿತ್ತಾದರೂ ಭಾರ ಹೆಚ್ಚು, ಎತ್ತರ ಹೆಚ್ಚು, ಕುಶಲನಾದ ಕೆಲಸಗಾರನ ದಿನಗಳೂ ಹೆಚ್ಚು. ೧೯೫೦ರ ದಶಕದಲ್ಲಿ ಇದು ಬದಲಾಯಿತು. ಕೆಲವೇ ಮಿಲ್ಲಿಮೀಟರು ದಪ್ಪದ ಅಂಟುಗಾರೆಯಿಂದ ಬಿಲ್ಲೆಯನ್ನು ನೇರವಾಗಿ ತಳಕ್ಕೆ ಕೂರಿಸುವ ಪದ್ಧತಿಯು ಹೊರಟಿತು. ಇದರಲ್ಲಿ ಮುಂದಾಳುಗಳಲ್ಲೊಬ್ಬನಾದ ಹೆನ್ರಿ ರಾಥ್‌ಬರ್ಗನೆಂಬ ರಸಾಯನಶಿಲ್ಪಿಯು ೧೯೫೬ರಲ್ಲಿ ಲ್ಯಾಟಿಕ್ರೀಟ್ ಕಂಪನಿಯನ್ನು ಸ್ಥಾಪಿಸಿದನು. ತೆಳುಗಾರೆಯಿಂದ ತೂಕವೂ ವೆಚ್ಚವೂ ಇಳಿದುವು. ಜೊತೆಗೆ ನಡುವಣ ಮೆತ್ತೆಯೂ ಮಾಯವಾಯಿತು. ಮೊದಲು ಎರಡಂಗುಲದ ಗಾರೆಯಲ್ಲಿ ಹಂಚಿಹೋಗುತ್ತಿದ್ದ ಎಳೆತವೆಲ್ಲ ಈಗ ನಾಲ್ಕು ಮಿಲ್ಲಿಮೀಟರಿನ ಅಂಟಿನ ಮೇಲೆ ಬಂದು ಕುಳಿತಿತು. ಬಿಡುಹಾಸು ಈ ತೆಳುಗಾರೆಯ ಮಗು. ದಪ್ಪ ಗಾರೆಯು ಹೋಗದಿದ್ದರೆ ಇದರ ಅವಶ್ಯಕತೆಯೇ ಇಷ್ಟು ತೀವ್ರವಾಗಿ ಕಾಣುತ್ತಿರಲಿಲ್ಲ.

ಜರ್ಮನಿಯ ಇಸರ್ಲೋನ್ ಎಂಬ ಊರಿನ ವೆರ್ನರ್ ಶ್ಲ್ಯೂಟರನು ವೃತ್ತಿಯಿಂದ ಬಿಲ್ಲೆ ಹಾಸುವ ಕುಶಲಿ. ಬಿಲ್ಲೆಯ ಅಂಚನ್ನು ಕಾಯುವ ಲೋಹದ ಪಟ್ಟಿಯಿಂದ ಮೊದಲು ಹೆಸರಾದವನು. ೧೯೮೭ರಲ್ಲಿ ಡಿಟ್ರಾ ಎಂಬ ಹೆಸರಿನಿಂದ ಬಿಡುಹಾಸನ್ನು ಹೊರತಂದನು. ಆಮೇಲೆ ಬೇರೆ ಕಂಪನಿಗಳೂ ತಮ್ಮ ತಮ್ಮ ಆಕೃತಿಗಳಲ್ಲಿ ಇಂಥವನ್ನು ತಯಾರಿಸಿರುವುವಾದರೂ ಮೂಲರೂಪವನ್ನು ವಿವರಿಸಿದರೆ ಉಳಿದವುಗಳ ತತ್ತ್ವವೂ ತಿಳಿದುಬರುವುದು. ಇದು ಕಿತ್ತಿಳೆ ಬಣ್ಣದ ಪಾಲಿಎಥಿಲೀನ್ ಹಾಳೆ. ದಪ್ಪ ಸುಮಾರು ಮೂರು ಮಿಲ್ಲಿಮೀಟರು. ಮೇಲ್ಮೈಯಲ್ಲಿ ಚೌಕಾಕಾರದ ಸಣ್ಣ ಸಣ್ಣ ಗೂಡುಗಳು ಸಾಲುಸಾಲಾಗಿವೆ. ಪ್ರತಿಯೊಂದು ಗೂಡಿನ ಬಾಯಿ ಕಿರಿದು, ಒಡಲು ಹಿರಿದು. ಬಡಗಿಯು ಎರಡು ಹಲಗೆಗಳನ್ನು ಕೂಡಿಸಲು ಪಾರಿವಾಳದ ಬಾಲದಂತೆ ಕೊರೆಯುವ ಕಚ್ಚಿನ ಹಾಗೆ. ಹಾಳೆಯ ಕೆಳಮೈಗೆ ಒಂದು ನಾರುಬಟ್ಟೆಯನ್ನು ಅಂಟಿಸಿದೆ. ತಳಕ್ಕೆ ಅಂಟುಗಾರೆಯನ್ನು ಬಳಿದು ಹಾಳೆಯನ್ನು ಒತ್ತಿದರೆ ಗಾರೆಯು ನಾರಿನೊಳಗೆ ಹೊಕ್ಕು ಹಿಡಿಯುವುದು. ಮೇಲೆ ಗಾರೆಯನ್ನು ಬಳಿದು ಬಿಲ್ಲೆಯನ್ನು ಕೂರಿಸಿದರೆ ಗೂಡುಗಳಲ್ಲಿ ತುಂಬಿದ ಗಾರೆಯು ಗಟ್ಟಿಯಾಗಿ, ಬಾಯಿ ಕಿರಿದಾದುದರಿಂದ ಹಿಂದಕ್ಕೆ ಬರಲಾರದೆ ಕಚ್ಚಿಕೊಂಡು ನಿಲ್ಲುವುದು.

ಈಗ ಭಾರವು ಹೇಗೆ ಇಳಿಯುತ್ತದೆಂಬುದನ್ನು ನೋಡಬೇಕು. ಬಿಲ್ಲೆಯ ಮೇಲೆ ಬಿದ್ದ ಭಾರವು ಗೂಡುಗಳಲ್ಲಿ ನಿಂತ ಗಾರೆಯ ಕಿರುಗಂಬಗಳ ಮೂಲಕ ನೇರವಾಗಿ ತಳಕ್ಕೆ ಇಳಿಯುವುದು. ಮೆತ್ತಗಿನ ಪ್ಲಾಸ್ಟಿಕ್ಕು ಭಾರವನ್ನು ಹೊರುವುದೆಂದು ಭಾವಿಸುವುದು ತಪ್ಪು; ಹೊರುವುದು ಗಾರೆಯೇ. ಅಡ್ಡದಿಕ್ಕಿನಲ್ಲಿಯಾದರೋ ಹೀಗಲ್ಲ. ತಳವು ಕುಗ್ಗಿ ಎಳೆದಾಗ ಗೂಡುಗಳ ನಡುವಣ ತೆಳುವಾದ ಪ್ಲಾಸ್ಟಿಕ್ ಗೋಡೆಗಳು, ಕೆಳಗೆ ಬಯಲಿರುವ ಕಾರಣ, ಸ್ವಲ್ಪ ಸ್ವಲ್ಪವೇ ಬಾಗಿ ಆ ಎಳೆತವನ್ನು ತಮ್ಮಲ್ಲೇ ತೀರಿಸಿಕೊಳ್ಳುವುವು. ಮೇಲಣ ಬಿಲ್ಲೆಗೆ ಅದರ ಅಲ್ಪಾಂಶ ಮಾತ್ರ ಮುಟ್ಟುವುದು. ಎಂದರೆ ಮೇಲುಕೆಳಗಿನ ಬಂಧವು ಉಳಿದಿದೆ, ಅಡ್ಡದ ಬಂಧವು ಸಡಿಲಿದೆ. ಕೆಳಮೈಯ ಬಯಲುಗಳಿಂದ ಇನ್ನೊಂದು ಲಾಭವೂ ಉಂಟು. ಇನ್ನೂ ಪೂರ್ತಿ ಆರದ ಕಾಂಕ್ರೀಟಿನಿಂದ ಏಳುವ ತೇವದ ಆವಿಯು ಒಂದೆಡೆ ಕೂಡಿ ಒತ್ತದೆ ಆ ಕಾಲುವೆಗಳಲ್ಲಿ ಹರಡಿಹೋಗುವುದು.

ಹೆಸರಿನ ವಿಚಾರಕ್ಕೆ ಇದೇ ತಕ್ಕ ಸ್ಥಳ. ಜರ್ಮನರು ಇದರ ಕೆಲಸವನ್ನು ಎಂಟ್‌ಕೊಪ್ಲುಂಗ್ ಎನ್ನುವರು, ಇಂಗ್ಲಿಷರು ಅನ್‌ಕಪ್ಲಿಂಗ್ ಎನ್ನುವರು. ಎರಡರಲ್ಲಿಯೂ ಇರುವುದು ಕೂಡಿ ಕಟ್ಟುವ ಪಟ್ಟಿಯೆಂಬ ಅರ್ಥದ ಲ್ಯಾಟಿನ್ ಪದವಾದ ಕೋಪುಲ. ಮುಂದಿರುವ ಉಪಸರ್ಗಗಳು ಕಟ್ಟಿದುದನ್ನು ಬಿಚ್ಚುವುದನ್ನು ಸೂಚಿಸುವುವು. ಕನ್ನಡದಲ್ಲಿ ಇದನ್ನು ವಿಯೋಜಕವೆನ್ನಬಹುದೇ ಎಂದರೆ, ವಿಯೋಗದಲ್ಲಿ ಪೂರ್ಣವಾದ ಅಗಲಿಕೆಯ ಅರ್ಥ ಬರುವುದು. ಆ ಹೆಸರು ಹಿಂದೆ ಹೇಳಿದ ಟಾರಿನ ಕಾಗದಕ್ಕೆ ಹೊಂದೀತೇ ಹೊರತು ಇದಕ್ಕೆ ಹೊಂದದು. ವಿಶ್ಲೇಷಕವೆಂದರೆ ಪೃಥಕ್ಕರಣದ ಅರ್ಥವು ಈಗಾಗಲೇ ಅಲ್ಲಿ ನೆಲೆಯೂರಿದೆ. ಬಿಡು ಎಂಬ ಕನ್ನಡದ ಧಾತುವಿಗೆ ತೊರೆ ಎಂಬ ಅರ್ಥವಿರುವಂತೆ, ಹಗ್ಗವನ್ನು ಬಿಡು ಎಂಬಲ್ಲಿ ಹಿಡಿತದಲ್ಲಿಟ್ಟುಕೊಂಡೇ ಸಡಿಲಿಸು ಎಂಬ ಅರ್ಥವೂ ಇದೆ. ಹಾಸು ಎಂಬುದಕ್ಕೆ ವಿವರಣೆ ಬೇಡ. ಆದುದರಿಂದ ಬಿಡುಹಾಸು ಎಂಬುದೇ ಅರ್ಥಕ್ಕೆ ಹತ್ತಿರವಾದುದು. ವ್ಯಾಕರಣವನ್ನು ಪಾಠ ಹೇಳುವವರಿಗೆ ಒಂದು ಹೋಲಿಕೆ ಸಾಕು. ಸಂಧಿಯಲ್ಲಿ ಎರಡು ಸ್ವರಗಳು ಸೇರಿ ಒಂದು ಲೋಪವಾಗುವುದು ಅಥವಾ ಎರಡೂ ಮಾರ್ಪಡುವುವು. ಕೇಶಿರಾಜನೇ ಮೊದಲಾದ ವೈಯಾಕರಣರು ಹೇಳುವ ಪ್ರಕೃತಿಭಾವದಲ್ಲಿ ಅವು ಪಕ್ಕದಲ್ಲಿಯೇ ನಿಂತಿದ್ದರೂ ತಮ್ಮ ತಮ್ಮ ರೂಪವನ್ನು ಕಳೆದುಕೊಳ್ಳುವುದಿಲ್ಲ. ಅಂಟುಗಾರೆಯ ನೆಲವು ಸಂಧಿಯಾದರೆ ಬಿಡುಹಾಸಿನ ನೆಲವು ಪ್ರಕೃತಿಭಾವ.

ಹೆಸರನ್ನು ಹೀಗೆ ಖಚಿತಪಡಿಸುವುದು ಕೇವಲ ಶಬ್ದಕುತೂಹಲವಲ್ಲ. ಅಂಗಡಿಗಳಲ್ಲಿ ಬಿಡುಹಾಸು, ನೀರುತಡೆಯ ಹಾಸು, ಬಿರುಕುತಡೆಯ ಹಾಸು ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಮನೆ ಕಟ್ಟುವವರು ಮೋಸಹೋಗುವರು. ನೀರನ್ನು ತಡೆಯುವ ಬಳಿಪಿಗೆ ಅಡ್ಡಚಲನವನ್ನು ತೀರಿಸುವ ಗುಣವಿರಲೇಬೇಕೆಂದಿಲ್ಲ. ಬಿರುಕುತಡೆಯ ಹಾಸು ತಳದಲ್ಲಿ ಈಗಾಗಲೇ ಇರುವ ಬಿರುಕಿನ ಮೇಲೆ ಪಟ್ಟಿಯಾಗಿಯೂ ಹಾಕತಕ್ಕದ್ದು. ಬಿಡುಹಾಸಾದರೋ ಇಡೀ ನೆಲಕ್ಕೆ ಹಾಸತಕ್ಕದ್ದು. ಪಾಲಿಎಥಿಲೀನಿನ ಮೂಲಕ ನೀರು ಇಳಿಯದಿದ್ದರೂ ಹಾಳೆಗಳ ಸಂದುಗಳನ್ನೂ ಗೋಡೆಯ ಮೂಲೆಗಳನ್ನೂ ಬೇರೆ ಪಟ್ಟಿಯಿಂದ ಮುಚ್ಚಿದ ಹೊರತು ಅದು ಸ್ನಾನಗೃಹಕ್ಕೆ ನೀರುತಡೆಯಾಗುವುದಿಲ್ಲ.

ಹಾಸುವ ಕ್ರಮದಲ್ಲಿ ಮುಖ್ಯವಾದುದು ಗೂಡುಗಳನ್ನು ತುಂಬುವುದು. ಕರಣೆಯ ನೆಟ್ಟಗಿನ ಅಂಚಿನಿಂದ ಗಾರೆಯನ್ನು ಒತ್ತಿ ಒತ್ತಿ ಮೊದಲು ಗೂಡುಗಳಿಗೆ ತುಂಬಿ, ಆಮೇಲೆ ಹಲ್ಲಿನ ಅಂಚಿನಿಂದ ಗೆರೆ ಎಳೆದು ಬಿಲ್ಲೆಯನ್ನು ಕೂರಿಸಬೇಕು. ಅವಸರದಲ್ಲಿ ಮೇಲೆ ಮೇಲೆ ಗಾರೆಯನ್ನು ಸವರಿದರೆ ಗೂಡು ಅರೆ ಬರಿದಾಗಿ ಉಳಿಯುವುದು. ಕಂಬವಿಲ್ಲದ ಮಂಟಪದಂತೆ ಬಿಲ್ಲೆಯು ಬರಿಯ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲುವುದು. ಬಿಡುಹಾಸಿನ ಮೇಲೆ ಒಡೆದ ನೆಲಗಳನ್ನು ಎತ್ತಿ ನೋಡಿದಾಗ ಮೊದಲು ಪರೀಕ್ಷಿಸಬೇಕಾದುದು ಇದನ್ನೇ. ಐದು ಸೆಂಟಿಮೀಟರಿಗಿಂತ ಚಿಕ್ಕದಾದ ಬಿಲ್ಲೆಗಳನ್ನು ಇದರ ಮೇಲೆ ಹಾಸಬಾರದೆಂಬ ನಿಯಮಕ್ಕೂ ಇದೇ ಕಾರಣ. ಅಷ್ಟು ಚಿಕ್ಕ ಬಿಲ್ಲೆಗೆ ಸಾಕಷ್ಟು ಕಂಬಗಳ ಆಸರೆ ದೊರೆಯುವುದಿಲ್ಲ.

ಗಾರೆಯ ಆಯ್ಕೆಯಲ್ಲಿ ಬಹುಕಾಲದ ಒಂದು ವಿವಾದವಿದೆ. ಅಂಟುಗಾರೆಯಲ್ಲಿ ಬರಿಯ ಸಿಮೆಂಟಿನದೊಂದು, ರಾಳದಂಥ ಪಾಲಿಮರನ್ನು ಬೆರಸಿದುದೊಂದು. ಎರಡನೆಯದು ಹೆಚ್ಚು ಹಿಡಿಯುವುದಾದುದರಿಂದ ಎಲ್ಲ ಕಡೆಗೂ ಅದೇ ಶ್ರೇಷ್ಠವೆಂದು ತೋರಬಹುದು. ಸಿಮೆಂಟು ಗಟ್ಟಿಯಾಗುವುದು ನೀರಿನೊಡನೆ ಕೂಡಿಕೊಂಡು. ಅದಕ್ಕೆ ಗಾಳಿ ಬೇಡ. ಪಾಲಿಮರಾದರೋ ನೀರು ಆರಿಹೋದ ಮೇಲೆಯೇ ಪೊರೆಗಟ್ಟುವುದು. ಈಗ ಬಳಕೆಯಲ್ಲಿರುವ ವಿಟ್ರಿಫೈಡ್ ಬಿಲ್ಲೆಯು ತನ್ನ ತೂಕದ ನೂರರಲ್ಲಿ ಅರ್ಧ ಭಾಗದಷ್ಟು ನೀರನ್ನೂ ಹೀರುವುದಿಲ್ಲ. ಕೆಳಗೆ ಪಾಲಿಎಥಿಲೀನೂ ಹೀರುವುದಿಲ್ಲ. ಇವೆರಡರ ನಡುವೆ ಸಿಕ್ಕಿದ ನೀರಿಗೆ ಸಂದುಗಳೇ ದಾರಿ. ದೊಡ್ಡ ಬಿಲ್ಲೆಯಾದರೆ ನಡುವಣ ಗಾರೆಯು ವಾರಗಟ್ಟಲೆ ಹಸಿಯಾಗಿಯೇ ಇರಬಹುದು. ಇದನ್ನು ಎಣಿಸಿ ಡಿಟ್ರಾದ ತಯಾರಕರು ಉತ್ತರ ಅಮೆರಿಕದಲ್ಲಿ ಹಾಳೆಯ ಮೇಲೆ ಬರಿಯ ಸಿಮೆಂಟಿನ ಗಾರೆಯನ್ನೂ, ಮರದ ತಳವಿದ್ದಲ್ಲಿ ಹಾಳೆಯ ಕೆಳಗೆ ಮಾತ್ರ ಪಾಲಿಮರು ಬೆರೆತ ಗಾರೆಯನ್ನೂ ಬಹುಕಾಲ ವಿಧಿಸುತ್ತಿದ್ದರು. ಮರವು ನೀರನ್ನು ಹೀರಿಕೊಳ್ಳುವುದರಿಂದ ಅಲ್ಲಿ ತೊಂದರೆಯಿಲ್ಲ. ಮೇಲೆ ಬರಿಯ ಗಾರೆ ಏಕೆ ಸಾಕೆಂಬುದಕ್ಕೆ ಉತ್ತರವು ಗೂಡಿನ ಆಕಾರದಲ್ಲಿಯೇ ಇದೆ. ಅಲ್ಲಿ ಹಿಡಿತವು ಅಂಟಿನದಲ್ಲ, ಕಚ್ಚಿನದು.

ಬಿಡುಹಾಸಿನಿಂದ ಆಗದ ಕೆಲಸಗಳನ್ನೂ ಹೇಳದಿದ್ದರೆ ವಿಷಯವು ಅಪೂರ್ಣವಾಗುವುದು. ಇದು ಅಡ್ಡಚಲನಕ್ಕೆ ಮದ್ದೇ ಹೊರತು ಮೇಲುಕೆಳಗಿನ ಚಲನಕ್ಕಲ್ಲ. ತೊಲೆಯು ಕಾಲಿಟ್ಟಾಗಲೆಲ್ಲ ಬಾಗುತ್ತಿದ್ದರೆ ಅಥವಾ ತಳದ ಬಿರುಕಿನ ಒಂದು ಬದಿ ಕುಸಿದು ಮತ್ತೊಂದು ನಿಂತಿದ್ದರೆ ಯಾವ ಹಾಳೆಯೂ ಬಿಲ್ಲೆಯನ್ನು ಉಳಿಸದು. ಅಮೆರಿಕದ ರೂಢಿಯಂತೆ ಸುಟ್ಟ ಬಿಲ್ಲೆಯ ನೆಲದ ಬಾಗು ತೊಲೆಯ ಅಂತರದ ೩೬೦ರಲ್ಲೊಂದು ಪಾಲನ್ನು ಮೀರಬಾರದು. ಸಹಜ ಶಿಲೆಯಾದರೆ ೭೨೦ರಲ್ಲೊಂದು ಪಾಲನ್ನು ಮೀರಬಾರದು. ಅಂತರವು ೩.೬ ಮೀಟರಿದ್ದರೆ ಬಿಲ್ಲೆಗೆ ಹತ್ತು ಮಿಲ್ಲಿಮೀಟರು, ಕಲ್ಲಿಗೆ ಐದೇ ಮಿಲ್ಲಿಮೀಟರು. ಬಿಡುಹಾಸನ್ನು ಹಾಕಿದ ಮಾತ್ರಕ್ಕೆ ಈ ನಿಯಮವು ಸಡಿಲವಾಗುವುದಿಲ್ಲ. ನೆಲಗಳ ಪರೀಕ್ಷೆಗೆ ರಾಬಿನ್‌ಸನ್ ಯಂತ್ರವೆಂಬುದೊಂದಿದೆ. ಮೂರು ಚಕ್ರಗಳು ಕ್ರಮಕ್ರಮವಾಗಿ ಹೆಚ್ಚುವ ಭಾರವನ್ನು ಹೊತ್ತು ಮೊದಲು ಮೆತ್ತಗಿನ ರಬ್ಬರಿನಿಂದ, ಕೊನೆಗೆ ಉಕ್ಕಿನಿಂದ ನೆಲದ ಮೇಲೆ ಸುತ್ತುವುವು. ಇದರಲ್ಲಿ ತೇರ್ಗಡೆಯಾಯಿತೆಂದು ಬಿಡುಹಾಸಿನ ಮಾರಾಟಗಾರರು ಹೆಮ್ಮೆಯಿಂದ ಹೇಳುವುದುಂಟು. ಅದರಿಂದ ಸಿದ್ಧವಾಗುವುದು ಆ ನೆಲಕ್ಕೆ ಭಾರ ತಾಳುವ ಶಕ್ತಿಯಿದೆಯೆಂಬುದು ಮಾತ್ರ. ಅಡ್ಡದ ಬಂಧ ಎಷ್ಟು ಸಡಿಲಿತೆಂಬುದಕ್ಕೆ ಆ ಯಂತ್ರವು ಸಾಕ್ಷಿಯಲ್ಲ. ಹೇತುವೊಂದು, ಸಾಧ್ಯವೊಂದು ಆಗಿರುವ ಇಂಥ ಅನುಮಾನಗಳನ್ನು ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ನಿಷೇಧಿಸಿದೆ.

ಇದಕ್ಕಿಂತಲೂ ಹೆಚ್ಚಾಗಿ ಮರೆತುಹೋಗುವುದು ಬಿಡುಸಂದು. ಹಾಳೆಯು ತಳದ ಚಲನವನ್ನು ಬಿಲ್ಲೆಗೆ ಮುಟ್ಟಿಸದು, ಸರಿ. ಬಿಲ್ಲೆಯ ಹೊದಿಕೆಯೇ ಬಿಸಿಲಿಗೆ ಹಿಗ್ಗಿದರೆ ಅದು ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಒಳಗಣ ನೆಲದಲ್ಲಿ ಹೆಚ್ಚೆಂದರೆ ಆರು ಏಳು ಮೀಟರಿಗೊಂದರಂತೆ, ಬಿಸಿಲು ಬೀಳುವೆಡೆಯಲ್ಲಿಯೂ ಬಯಲಿನಲ್ಲಿಯೂ ಎರಡೂವರೆಯಿಂದ ಮೂರೂವರೆ ಮೀಟರಿಗೊಂದರಂತೆ ಮೆತ್ತಗಿನ ಪದಾರ್ಥವನ್ನು ತುಂಬಿದ ಸಂದನ್ನು ಬಿಡಬೇಕು. ಗೋಡೆಯ ಬುಡದಲ್ಲಿ ಸುತ್ತಲೂ ಎಡೆ ಬಿಡಬೇಕು. ಕಟ್ಟಡದ ತಳದಲ್ಲಿಯೇ ಬಿಟ್ಟಿರುವ ಸಂದಿದ್ದರೆ ಅದು ಹಾಳೆಯಲ್ಲಿಯೂ ಬಿಲ್ಲೆಯಲ್ಲಿಯೂ ಅದೇ ಗೆರೆಯಲ್ಲಿ ಮೇಲಿನವರೆಗೆ ಬರಬೇಕು.

ಕನ್ನಡನಾಡಿನಲ್ಲಿ ಸಾಮಾನ್ಯ ಮನೆಗಳಿಗೆ ಬಿಡುಹಾಸಿನ ಬಳಕೆ ವಿರಳ. ನೆಲವನ್ನು ಕಾಯಿಸುವ ಕೊಳವೆಗಳು ಇಲ್ಲಿ ಬೇಕಾಗಿಲ್ಲ. ಮರದ ಮಹಡಿಗೆ ಬಿಲ್ಲೆ ಹಾಸುವ ರೂಢಿಯೂ ಇಲ್ಲ. ಹಿಂದಿನ ನೆಲಗಳು ಬೇರೆ ರೀತಿಯಿಂದ ಈ ತೊಡಕನ್ನು ದಾಟಿದ್ದುವು. ದೇವಾಲಯಗಳ ಪ್ರಾಕಾರದಲ್ಲಿ ಗಾರೆಯಿಲ್ಲದೆ ಗಟ್ಟಿಮಣ್ಣಿನ ಮೇಲೆ ಹಾಸಿದ ಚಪ್ಪಡಿಗಳನ್ನು ಯಾವುದೂ ಯಾವುದಕ್ಕೂ ಕಟ್ಟಿರುವುದಿಲ್ಲ. ಅಂಚು ಅಂಚಿಗೆ ಒರಗಿದ್ದರೂ ಒಂದೊಂದೂ ಸ್ವತಂತ್ರ. ಕಲಬುರಗಿಯ ಸೀಮೆಯ ಶಹಾಬಾದು ಕಲ್ಲನ್ನು ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದ ಕಾಲದಲ್ಲಿ ಸುಣ್ಣವು ಸಿಮೆಂಟಿನಷ್ಟು ಬಿರುಸಲ್ಲದ್ದರಿಂದ ಸಣ್ಣ ಚಲನಗಳು ಅದರಲ್ಲಿಯೇ ಅಡಗುತ್ತಿದ್ದುವು. ಈಗಿನ ನೆಲದ ಸ್ಥಿತಿಯೇ ಬೇರೆ. ಹೊಸದಾಗಿ ಹಾಕಿದ ಕಾಂಕ್ರೀಟಿನ ಚಾವಣಿಯು ಇನ್ನೂ ಕುಗ್ಗುತ್ತಿರುವಾಗಲೇ ಅದರ ಮೇಲೆ ಬಿರುಸಾದ ಸಿಮೆಂಟಿನಿಂದ ನೀರು ಹೀರದ ದೊಡ್ಡ ಬಿಲ್ಲೆಗಳನ್ನು ಗೋಡೆಯಿಂದ ಗೋಡೆಗೆ ಒತ್ತಿ ಹಾಸುವರು. ಸಂದು ಕಾಣಬಾರದೆಂಬುದು ಮನೆಯೊಡೆಯನ ಅಪೇಕ್ಷೆ. ಕಾಣದಂತೆ ಹಾಸುವುದು ಕೆಲಸಗಾರನ ಪ್ರತಿಷ್ಠೆ. ಎರಡು ಮೂರು ಬೇಸಗೆಗಳು ಕಳೆದ ಮೇಲೆ ಕೋಲಿನಿಂದ ತಟ್ಟಿದರೆ ಅಲ್ಲಲ್ಲಿ ಬೋರೆಂಬ ಟೊಳ್ಳು ಸದ್ದು ಬರತೊಡಗುವುದು. ಜೀವಮಾನದ ಉಳಿತಾಯವನ್ನು ಹಾಕಿ ಕಟ್ಟಿಸಿದ ಮನೆಯಲ್ಲಿ ಆ ಸದ್ದನ್ನು ಕೇಳುವುದು ಸಣ್ಣ ಸಂಕಟವಲ್ಲ.

ಇಂಥ ಮನೆಗಳಿಗೆಲ್ಲ ಬಿಡುಹಾಸನ್ನೇ ತರಿಸಬೇಕೆಂದು ಹೇಳುವುದು ಯುಕ್ತವಲ್ಲ. ಅದರ ಬೆಲೆ ಕಡಮೆಯದಲ್ಲ. ಬಿಸಿಲಿಗೆ ಬಾಯ್ತೆರೆದ ಮಾಳಿಗೆ, ಬಿರುಕುಬಿಟ್ಟ ಹಳೆಯ ತಳ, ಬೆಲೆಬಾಳುವ ಅಮೃತಶಿಲೆ ಇವುಗಳಲ್ಲಿ ಅದು ಸಾರ್ಥಕ. ಉಳಿದೆಡೆಗಳಲ್ಲಿ ಮೊದಲು ಮಾಡತಕ್ಕ ಕೆಲಸಗಳಿಗೆ ಹಣವು ಬೇಕಾಗಿಲ್ಲ. ಕಾಂಕ್ರೀಟು ಆರುವುದಕ್ಕೆ ಕೆಲವು ತಿಂಗಳು ಕಾಯಬೇಕು. ಬಿಲ್ಲೆ ಬಿಲ್ಲೆಗೂ ಎರಡು ಮೂರು ಮಿಲ್ಲಿಮೀಟರಿನ ಸಂದನ್ನು ಬಿಟ್ಟು ತುಂಬಬೇಕು. ಗೋಡೆಯ ಬುಡದಲ್ಲಿ ಎಂಟು ಹತ್ತು ಮಿಲ್ಲಿಮೀಟರಿನ ಎಡೆಯನ್ನುಳಿಸಿ ಅದಕ್ಕೆ ಗಾರೆಯು ಬೀಳದಂತೆ ನೋಡಿಕೊಳ್ಳಬೇಕು. ಆ ಎಡೆಯು ಕಣ್ಣಿಗೆ ಬೀಳುವುದೂ ಇಲ್ಲ. ಗೋಡೆಗೆ ಹಚ್ಚುವ ಅಂಚುಪಟ್ಟಿಯು ಅದನ್ನು ಮುಚ್ಚುವುದು. ಪಟ್ಟಿಯನ್ನು ಗೋಡೆಗೆ ಮಾತ್ರ ಅಂಟಿಸಬೇಕು, ನೆಲಕ್ಕೆ ಅಂಟಿಸಬಾರದು.